ಬಾಣಂತಿ ಕೋಣೆಗೆ ಎಳೆದ ತಂತಿ

1976ರ ಏಪ್ರಿಲ್‌ನಲ್ಲಿ ನನಗೆ ಮೂವತ್ತೊಂದು ವರ್ಷ. ರಾಜಾಜಿನಗರದಲ್ಲಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಬಾಡಿಗೆ ಅಂಗಡಿಯಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡು, ಮದುವೆ ಮುಂಜಿ ಉತ್ಸವಗಳಿಗೆ ಮೈಕ್‌ಸೆಟ್ ಹಾಕಿಕೊಂಡು ಒಂಬತ್ತು ವರ್ಷ ಕಳೆದಿತ್ತು. ಮನೆ ಹೊಸಹಳ್ಳಿಯಲ್ಲಿ. ಬೆಳಿಗ್ಗೆ ಸೈಕಲ್ ಮೇಲೆ ಬಂದರೆ ವಾಪಸ್ ಹೋಗುವುದು ಯಾವಾಗ ಎಂದು ಹೆಂಡತಿ ಕೇಳುವುದನ್ನೇ ಬಿಟ್ಟಿದ್ದಳು. ಬೋರ್ಡಿನ ಮೇಲೆ ಅಂಗಡಿಗೆ ಬೇರೆ ಹೆಸರಿತ್ತು, ಆದರೆ ಬ್ಲಾಕಿನ ಜನಕ್ಕೆ ನಾನು ಮೈಕ್ ನಂಜುಂಡಪ್ಪ.

ಮೈಕಿನವನ ಕೆಲಸ ಎಂಥದ್ದು ಎಂದು ಹೊರಗಿನವರಿಗೆ ಗೊತ್ತಿಲ್ಲ. ಎಲ್ಲ ಸರಿಯಿದ್ದರೆ ಅವನೊಬ್ಬ ಇದ್ದಾನೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಒಂದು ಸಲ ಮೈಕ್ ಕುಂಯ್ ಎಂದರೆ ಸಾವಿರ ತಲೆ ಒಟ್ಟಿಗೆ ಅವನ ಕಡೆ ತಿರುಗುತ್ತದೆ. ಮದುವೆ ಮನೆಯಲ್ಲಿ ಓಲಗದವರಿಗಾದರೂ ಕರೆದು ಎಲೆ ಹಾಕುತ್ತಾರೆ. ನಮ್ಮ ನೆನಪು ಬರುವುದು ಪಾತ್ರೆ ತೊಳೆಯುವಾಗ. ಇದನ್ನು ದೂರು ಎಂದು ಬರೆಯುತ್ತಿಲ್ಲ. ಆ ಏಪ್ರಿಲ್‌ನಲ್ಲಿ ನಾನು ಎಷ್ಟು ದಣಿದಿದ್ದೆ ಎಂಬುದು ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ, ಅದಕ್ಕೆ ಹೇಳಿದೆ.

ನಮ್ಮ ಬ್ಲಾಕಿನ ಮೈದಾನದಲ್ಲಿ ರಾಮೋತ್ಸವದ ಪೆಂಡಾಲ್ ಎದ್ದಿತ್ತು. ಹನ್ನೊಂದು ದಿನ, ದಿನವೂ ಸಂಜೆ ಆರೂವರೆಗೆ ಕಛೇರಿ, ಅಂದರೆ ಸಂಗೀತದ ಕಾರ್ಯಕ್ರಮ. ನನ್ನ ಪಾಲುದಾರ ಪೀರ್ ಸಾಬ್ ಮೊದಲ ವಾರದಲ್ಲೇ ಕಾಮಾಲೆ ಬಂದು ಹಳದಿ ಕಣ್ಣು ಮಾಡಿಕೊಂಡು, ನಾಟಿ ಔಷಧಿಗೆಂದು ಚನ್ನಪಟ್ಟಣದ ಮಾವನ ಮನೆಗೆ ಹೊರಟುಹೋದ. ಇಬ್ಬರ ಕೆಲಸ ಒಬ್ಬನ ಬೆನ್ನಿಗೆ ಬಿತ್ತು. ವಾಲ್ವ್ ಆಂಪ್ಲಿಫೈಯರ್ ಹದಿನೆಂಟು ಕೆ.ಜಿ. ಅದನ್ನು ಸಂಜೆ ಹೊತ್ತು ತಂದು, ಕಛೇರಿ ಮುಗಿದ ಮೇಲೆ ಅಂಗಡಿಗೆ ಹೊತ್ತುಹಾಕಿ, ಬೆಳಿಗ್ಗೆ ರಿಪೇರಿಗೆ ಬಂದ ರೇಡಿಯೊಗಳ ಮುಂದೆ ತೂಕಡಿಸುತ್ತಿದ್ದೆ.

ಅದರ ಮೇಲೆ ಇನ್ನೊಂದು ಬದಲಾವಣೆ. ಸಾಮಾನ್ಯವಾಗಿ ಪೆಂಡಾಲ್ ಹೊರಗೆ ನಾಲ್ಕು ದಿಕ್ಕಿಗೆ ನಾಲ್ಕು ಹಾರ್ನ್ ಕಟ್ಟುತ್ತಿದ್ದೆವು. ಕೊಳವೆ ಬಾಯಿಯ ಆ ತಗಡಿನ ಸ್ಪೀಕರ್‌ಗಳಿಂದ ಮೂರು ಬೀದಿಯಾಚೆಯವರೂ ಅಡುಗೆಮನೆಯಲ್ಲೇ ಕೂತು ಸಂಗೀತ ಕೇಳಬಹುದಿತ್ತು. ಆ ವರ್ಷ ಮಕ್ಕಳ ಪರೀಕ್ಷೆ ನಡೆಯುತ್ತಿದೆ ಎಂದು ಯಾರೋ ದೂರು ಕೊಟ್ಟರು. ಪೊಲೀಸಿನವರು ಬಂದು ಹಾರ್ನ್ ಇಳಿಸಿ ಎಂದರು. ಎಮರ್ಜೆನ್ಸಿಯ ಕಾಲ, ವಾದಿಸುವ ಧೈರ್ಯ ಯಾರಿಗೂ ಇರಲಿಲ್ಲ. ಇಳಿಸಿದೆ. ಪೆಂಡಾಲ್ ಒಳಗೆ ಮಾತ್ರ ಕೇಳುವಂತೆ ಎರಡು ಕಾಲಂ ಸ್ಪೀಕರ್ ನಿಲ್ಲಿಸಿದೆ. ಇವು ಮರದ ಉದ್ದನೆಯ ಪೆಟ್ಟಿಗೆಗಳು, ಸದ್ದನ್ನು ಎದುರಿಗೆ ಕೂತವರಿಗಷ್ಟೇ ಕೊಡುತ್ತವೆ. ರಸ್ತೆ ದಾಟಿದರೆ ಮೃದಂಗದ ಗುಂಡು ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಏಳನೆಯ ದಿನ ಸಮಿತಿಯ ಕಾರ್ಯದರ್ಶಿ ಶ್ರೀಕಂಠಯ್ಯನವರು ನನ್ನ ಮೇಜಿನ ಬಳಿ ಬಂದು ಕೂತರು. ಅವರು ಕೂತರೆಂದರೆ ನನಗೆ ಕೆಲಸ ಎದ್ದಿತು ಎಂದೇ ಅರ್ಥ.

"ನಂಜುಂಡಪ್ಪ, ಎದುರು ರಸ್ತೆ ಕಮಲಮ್ಮೋರ ಮನೆಗೆ ಒಂದು ಸ್ಪೀಕರ್ ಎಳೀಬೇಕಲ್ಲಪ್ಪ. ಒಂದೇ ದಿನಕ್ಕೆ. ಒಂಬತ್ತನೇ ದಿನದ ಕಛೇರಿಗೆ."

"ಆಗಲ್ಲ ಸಾರ್. ಪೀರ್ ಸಾಬ್ ಇಲ್ಲ, ನಾನೊಬ್ನೇ ಸಾಯ್ತಾ ಇದೀನಿ," ಎಂದೆ.

"ಒಂದ್ಸಲ ಮನೆಗೆ ಹೋಗಿ ಮಾತಾಡ್ಕೊಂಡು ಬಾ. ಆಮೇಲೆ ಆಗಲ್ಲ ಅನ್ನು," ಎಂದು ಎದ್ದು ಹೋದರು. ಅವರ ಮಾತಿನ ಒಳಮರ್ಮ ಅಲ್ಲಿಗೆ ಹೋದ ಮೇಲೆ ತಿಳಿಯಿತು.

ಕಮಲಮ್ಮನವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸರೋಜ, ಇಪ್ಪತ್ತಾರು ವರ್ಷ, ಶಾಲೆಯಲ್ಲಿ ಟೀಚರ್. ಚಿಕ್ಕಂದಿನಿಂದ ಸಂಗೀತ ಕಲಿತವಳು. ಆರು ವರ್ಷದಿಂದ ಸಮಿತಿಗೆ ಅರ್ಜಿ ಹಾಕಿ ಹಾಕಿ, ಆ ವರ್ಷ ಅವಳಿಗೆ ಒಂಬತ್ತನೇ ದಿನದ ಕಛೇರಿ ಸಿಕ್ಕಿತ್ತು. ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುವುದು ಮೇ ತಿಂಗಳಿಗೆ ಎಂದು ಡಾಕ್ಟರು ಹೇಳಿದ್ದರಿಂದ, ಕಷ್ಟಪಟ್ಟಾದರೂ ಕೂತು ಹಾಡಿಬಿಡುತ್ತೇನೆ ಎಂದು ಹಟ ಹಿಡಿದಿದ್ದಳಂತೆ. ಮಗು ಕಾಯಲಿಲ್ಲ, ಐದು ವಾರ ಮುಂಚೆ ಹುಟ್ಟಿತು. ನಾನು ಹೋದ ದಿನಕ್ಕೆ ಅವಳು ಹದಿನಾರು ದಿನದ ಬಾಣಂತಿ.

ಅಂದಿನ ಮನೆಗಳಲ್ಲಿ ಬಾಣಂತನ ಎಂದರೆ ಸೆರೆಮನೆಯೇ. ಮೂರು ತಿಂಗಳು ಹೊಸ್ತಿಲು ದಾಟುವಂತಿಲ್ಲ, ಗಾಳಿ ಸೋಕುವಂತಿಲ್ಲ. ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಬಿಗಿದು, ಎರಡು ಕಿವಿಗೂ ಹತ್ತಿ ತುರುಕಿ, ಸಾಂಬ್ರಾಣಿ ಹೊಗೆಯಲ್ಲಿ ಮಲಗಿಸುತ್ತಾರೆ. ಪರಗಂಡಸರು ಆ ಕೋಣೆಯ ಬಾಗಿಲಿಗೂ ಹೋಗುವುದಿಲ್ಲ. ಸರೋಜ ಹಾಡುವುದಂತೂ ಮುಗಿದ ಮಾತು. ಅವಳ ಜಾಗದಲ್ಲಿ ತಂಗಿ ನಳಿನಿ ಹಾಡಲಿ ಎಂದು ಸಮಿತಿ ಒಪ್ಪಿತ್ತು.

ನಳಿನಿಗೆ ಹದಿನೆಂಟು. ಅಕ್ಕನ ಪಕ್ಕದಲ್ಲಿ ಕೂತು ತಂಬೂರಿ ಮೀಟುತ್ತ ದನಿಗೂಡಿಸಿದ್ದಳೇ ಹೊರತು ಒಬ್ಬಳೇ ಹಾಡಿದವಳಲ್ಲ. ಹಾಲ್‌ನಲ್ಲಿ ನನ್ನೆದುರು ನಿಂತು, ಸೆರಗಿನ ಅಂಚು ತಿರುಚುತ್ತ ಹೇಳಿದಳು: "ಅಣ್ಣ, ನೀವು ಏನಾದ್ರೂ ಮಾಡಿ. ಅಕ್ಕ ಕೇಳಿಸ್ಕೊಳ್ಳೋ ಹಾಗಿದ್ರೆ ಹಾಡ್ತೀನಿ. ಇಲ್ಲಾಂದ್ರೆ ನಾನು ಸ್ಟೇಜ್ ಹತ್ತಲ್ಲ. ಯಾರು ಏನು ಹೇಳಿದ್ರೂ ಹತ್ತಲ್ಲ."

ಕಮಲಮ್ಮ ತಲೆ ಚಚ್ಚಿಕೊಂಡರು. "ನೋಡಪ್ಪ, ಇವಳದ್ದು ಈ ರಾಗ. ಒಳಗಿರೋಳದ್ದು ಇನ್ನೊಂದು ರಾಗ, ತಂಗಿ ಹಾಡಿದ್ದು ಕೇಳಿಸ್ದೇ ಇದ್ರೆ ಊಟ ಮಾಡಲ್ಲ ಅಂತಾಳೆ. ಮಧ್ಯೆ ನಾನು."

ಆಗ ಮುಚ್ಚಿದ ಪರದೆಯ ಆಚೆಯಿಂದ ಸರೋಜಳ ದನಿ ಬಂತು. ಬಾಣಂತಿಯ ದನಿ, ಮೆಲ್ಲಗೆ. "ಅಣ್ಣಾ, ನಾನು ಮೂರು ತಿಂಗಳಾದ ಮೇಲೆ ಶಿವಮೊಗ್ಗಕ್ಕೆ ಹೋಗ್ಬೇಕು. ಅಲ್ಲಿ ಅತ್ತೆ, ಮಗು, ಸ್ಕೂಲು. ಇನ್ನು ಹಾಡೋದು ಎಲ್ಲಿ ಬಂತು. ಆರು ವರ್ಷ ಕಾದ ಕಛೇರಿ ಇದು. ಕೇಳೋದಾದ್ರೂ ಕೇಳ್ತೀನಿ."

ನಾನು ದೊಡ್ಡ ಮನಸ್ಸಿನವನೇನಲ್ಲ. ಆದರೂ ಆ ಮಾತಿಗೆ ಆಗಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಕೆಲಸ ಹೇಗೆ ಮಾಡಿದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಪೆಂಡಾಲ್‌ನ ದೊಡ್ಡ ಆಂಪ್ಲಿಫೈಯರ್‌ನಿಂದ ನೇರವಾಗಿ ಒಂದು ಸ್ಪೀಕರ್ ಎಳೆದುಬಿಡುವುದು ಸುಲಭ. ಆದರೆ ಹಾಗೆ ಮಾಡಿದರೆ ಪೆಂಡಾಲ್‌ನಲ್ಲಿ ವಾಲ್ಯೂಮ್ ಏರಿಸಿದಾಗೆಲ್ಲ ಕೋಣೆಯಲ್ಲೂ ಏರುತ್ತದೆ, ಹದಿನಾರು ದಿನದ ಕೂಸು ಬೆಚ್ಚಿಬೀಳುತ್ತದೆ. ಕೋಣೆಯೊಳಕ್ಕೆ ನಾನು ಹೋಗುವ ಹಾಗಿಲ್ಲವಾದ್ದರಿಂದ ಅಲ್ಲಿ ಸದ್ದು ಎಷ್ಟಿದೆ ಎಂದು ನೋಡುವವರೂ ಇಲ್ಲ. ನನ್ನ ಹತ್ತಿರ ಒಂದು ಹಳೇ ಇಂಟರ್‌ಕಾಂ ಇತ್ತು. ಆಫೀಸುಗಳಲ್ಲಿ ಸಾಹೇಬರು ಕೋಣೆಯಿಂದಲೇ ಗುಮಾಸ್ತರನ್ನು ಕರೆಯಲು ಇಟ್ಟುಕೊಳ್ಳುತ್ತಿದ್ದ ಜೋಡಿ ಮಾತಿನ ಪೆಟ್ಟಿಗೆ, ಕೀ ಇರುವುದು ಒಂದು, ಬರೀ ಸ್ಪೀಕರ್ ಇರುವುದು ಇನ್ನೊಂದು. ಗುಜರಿಯಲ್ಲಿ ಸಿಕ್ಕಿದ್ದನ್ನು ನಾನೇ ಸರಿಮಾಡಿಕೊಂಡಿದ್ದೆ.

ಅದರ ಗುಟ್ಟು ಇಷ್ಟೆ. ಸ್ಪೀಕರ್, ಮೈಕು ಎರಡೂ ದಾಯಾದಿಗಳು. ಕರೆಂಟು ಹರಿಸಿದರೆ ಸ್ಪೀಕರ್‌ನ ಕಾಗದದ ಕೋನ್ ಅದುರಿ ಸದ್ದಾಗುತ್ತದೆ. ಅದೇ ಕೋನ್ ಎದುರು ಯಾರಾದರೂ ಮಾತಾಡಿದರೆ ಅದು ಅದುರಿ ಸಣ್ಣ ಕರೆಂಟು ಹುಟ್ಟುತ್ತದೆ, ಆಗ ಸ್ಪೀಕರೇ ಮೈಕು. ಆದ್ದರಿಂದ ಇಂಟರ್‌ಕಾಂನಲ್ಲಿ ಒಂದು ಕೀ ಇರುತ್ತದೆ. ಮೇಲಕ್ಕೆ ತಳ್ಳಿದರೆ ಪೆಂಡಾಲ್‌ನ ಹಾಡು ತಂತಿಯ ಮೂಲಕ ಕೋಣೆಗೆ ಹೋಗುತ್ತದೆ. ಕೆಳಕ್ಕೆ ತಳ್ಳಿದರೆ ಹಾಡು ನಿಂತು, ಕೋಣೆಯ ಸದ್ದು ಅದೇ ತಂತಿಯಲ್ಲಿ ನನ್ನ ಹೆಡ್‌ಫೋನಿಗೆ ಬರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಕೋಣೆಗೆ ಹೋಗದೆಯೇ ಅಲ್ಲಿ ಕೇಳುತ್ತಿದೆಯೋ ಇಲ್ಲವೋ ಎಂದು ವಿಚಾರಿಸಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಕಂಪನಿಯವರು ಆ ಕೀಗೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಬೆರಳು ತೆಗೆದ ಕೂಡಲೇ ಅದು ತಾನೇ ಮೊದಲಿನ ಜಾಗಕ್ಕೆ ಬರುತ್ತದೆ. ಬೆರಳಿಟ್ಟುಕೊಂಡೇ ಇರುವುದು ಬೇಸರವೆಂದು ನಾನು ಅದನ್ನು ಕಿತ್ತುಹಾಕಿ, ಎಲ್ಲಿಟ್ಟರೆ ಅಲ್ಲೇ ನಿಲ್ಲುವ ಸಾದಾ ಸ್ವಿಚ್ ಹಾಕಿದ್ದೆ. ಪೀರ್ ಸಾಬ್ ಆಗಲೇ ಬೈದಿದ್ದ: "ಸ್ಪ್ರಿಂಗ್ ತೆಗೀಬೇಡ ಕಣಪ್ಪ. ಮನ್ಷ ಮರೀತಾನೆ, ಸ್ಪ್ರಿಂಗ್ ಮರಿಯಲ್ಲ." ಅವನ ಮಾತಿಗೆ ನಾನು ಕಿವಿಗೊಟ್ಟಿರಲಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಮೂರು ಗಂಟೆಯ ಬಿಸಿಲಲ್ಲಿ ತಂತಿ ಎಳೆದೆ. ಪೆಂಡಾಲ್ ಕಂಬದಿಂದ ರಸ್ತೆಯಂಚಿನ ಹೊಂಗೆ ಮರಕ್ಕೆ, ಅಲ್ಲಿಂದ ರಸ್ತೆ ದಾಟಿಸಿ ಕಮಲಮ್ಮನವರ ಸಜ್ಜಕ್ಕೆ, ಸಜ್ಜದಿಂದ ಕೋಣೆಯ ಗವಾಕ್ಷಿಗೆ. ಒಟ್ಟು ಇನ್ನೂರ ನಲವತ್ತು ಅಡಿ. ಮರ ಹತ್ತಿ ಇಳಿಯುವಾಗ ಮಂಡಿ ತರಚಿತು, ಅಂಗಿ ಹರಿಯಿತು. ಸ್ಪೀಕರ್ ಪೆಟ್ಟಿಗೆಯನ್ನು ಕಮಲಮ್ಮನವರ ಕೈಗೆ ಕೊಟ್ಟಾಗ ಅವರು ಅದನ್ನು ಅನುಮಾನದಿಂದ ತಿರುಗಿಸಿ ನೋಡಿ, "ಇದು ಸಾವಿನ ಮನೆಗೆಲ್ಲ ಹೋಗಿತ್ತೇನಪ್ಪ?" ಎಂದರು.

"ಇಂಟರ್‌ಕಾಂ ಅಮ್ಮಾ, ಆಫೀಸ್‌ನಲ್ಲಿದ್ದಿದ್ದು," ಎಂದೆ. ಆ ಆಫೀಸಿನಲ್ಲಿ ಯಾರೂ ಸತ್ತಿಲ್ಲವೆಂದು ನನಗೇನು ಗೊತ್ತು. ಆದರೂ ಒಂದು ಚಿಟಿಕೆ ಅರಿಸಿನ ಅದರ ನೆತ್ತಿಗೆ ಸವರಿಯೇ ಒಳಗೊಯ್ದರು. ನೀರು ಚಿಮುಕಿಸಲಿಲ್ಲವಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ. ತಲೆದಿಂಬಿನಿಂದ ಒಂದೂವರೆ ಅಡಿ ದೂರ ಸ್ಟೂಲ್ ಮೇಲೆ ಇಡಿ ಎಂದು ಪರದೆಯಾಚೆಯಿಂದಲೇ ಹೇಳಿದೆ. ಕಿವಿಯ ಹತ್ತಿ ತೆಗೆಯುವ ಹಾಗಿಲ್ಲ ಎಂಬುದು ಅವರ ಷರತ್ತು.

ಆರೂಕಾಲಿಗೆ ಪೆಂಡಾಲ್‌ನಲ್ಲಿ ನಾನ್ನೂರು ಜನ ಸೇರಿದ್ದರು. ಪಾನಕದ ಹಂಡೆ ಅರ್ಧ ಖಾಲಿಯಾಗಿತ್ತು. ವೇದಿಕೆಯ ಮೇಲೆ ನಳಿನಿ ತಂಬೂರಿಯ ಶ್ರುತಿ ಮಾಡುತ್ತಿದ್ದಳು, ಒಂದೊಂದು ತಂತಿಗೂ ರಸ್ತೆಯಾಚೆ ಮನೆ ಕಡೆ ನೋಡುತ್ತಿದ್ದಳು. ನಾನು ಕೀ ಮೇಲಕ್ಕೆ ತಳ್ಳಿ ಒಂದು ನಿಮಿಷ ತಂಬೂರಿಯ ಸದ್ದು ಕೋಣೆಗೆ ಬಿಟ್ಟೆ. ಆಮೇಲೆ "ಅಮ್ಮಾ, ಕೇಳಿಸ್ತಾ ಇದೆಯಾ?" ಎಂದು ನನ್ನ ಪೆಟ್ಟಿಗೆಗೆ ಬಾಯಿಟ್ಟು ಕೇಳಿ, ಹೆಡ್‌ಫೋನ್ ಹಾಕಿಕೊಂಡು ಕೀ ಕೆಳಕ್ಕೆ ತಳ್ಳಿದೆ.

"ಅಯ್ಯೋ, ಪೆಟ್ಟಿಗೆ ಮಾತಾಡ್ತು!" ಎಂದು ಕಮಲಮ್ಮ. ಅದರ ಹಿಂದೆಯೇ ಸರೋಜಳ ದನಿ: "ಚೆನ್ನಾಗಿ ಕೇಳಿಸ್ತಿದೆ ಅಣ್ಣ. ಪಂಚಮದ ತಂತಿ ಒಂದು ಎಳೆ ಇಳಿದಿದೆ ಅಂತ ನಳಿನಿಗೆ ಹೇಳಿ."

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿ, ಜನರ ಕಾಲು ದಾಟಿಕೊಂಡು ವೇದಿಕೆಗೆ ಓಡಿದೆ. ಬಗ್ಗಿ ನಳಿನಿಯ ಕಿವಿಯಲ್ಲಿ ಹೇಳಿದೆ. ಅವಳು ತಂತಿ ಬಿಗಿಮಾಡಿ ಮೀಟಿ ನೋಡಿದಳು. ಅಕ್ಕ ಹೇಳಿದ್ದು ಸರಿಯಾಗಿತ್ತು. ಅವಳ ಮುಖ ಒಮ್ಮೆಗೇ ಸಡಿಲವಾಯಿತು. "ಅಕ್ಕ ಇದಾಳೆ," ಎಂದಳು, ನನಗಲ್ಲ, ತನಗೇ. ಎದ್ದು ವೇದಿಕೆಯ ಪಕ್ಕದ ಕಂಬಕ್ಕೆ ಕಟ್ಟಿದ್ದ ನನ್ನ ತಂತಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದು ಕೂತಳು. ಮುಂದಿನ ಸಾಲಿನವರು ಅದೇನೆಂದು ತಿಳಿಯದೆ ಮುಖ ಮುಖ ನೋಡಿಕೊಂಡರು.

ನಾನು ಮೇಜಿಗೆ ಬರುವಷ್ಟರಲ್ಲಿ ವಯಲಿನ್ ಮೈಕ್ ಗೊರಗೊರ ಎಂದಿತು. ಅದನ್ನು ಸರಿಮಾಡಿದೆ. ಮೃದಂಗದ ಮೈಕ್ ಸ್ಟ್ಯಾಂಡ್ ಜಾರಿತು, ಅದಕ್ಕೆ ಕಲ್ಲು ಒತ್ತಿದೆ. ವರ್ಣ ಶುರುವಾಯಿತು. ಕಛೇರಿಯಲ್ಲಿ ಮೊದಲು ಹಾಡುವುದು ಅದನ್ನೇ. ಹುಡುಗಿಯ ದನಿ ಮೊದಲ ಸಾಲಿನಲ್ಲಿ ತಡವರಿಸಿ, ಎರಡನೆಯದರಲ್ಲಿ ನಿಂತು, ಮೂರನೆಯದರಲ್ಲಿ ಎದ್ದಿತು. ನಾನು ಕುರ್ಚಿಗೆ ಒರಗಿದೆ. ಕಾಲು ನೀಡಿದೆ. ಒಂಬತ್ತು ದಿನದಲ್ಲಿ ಮೊದಲ ಸಲ, ಎಲ್ಲ ಸರಿಯಿದೆ ಎಂದು ಅನ್ನಿಸಿತು. ಕಣ್ಣು ಕೂಡ ಮುಚ್ಚಿದ್ದೆನೇನೋ.

ಏಳು ಗಂಟೆ ದಾಟಿರಬೇಕು, ಮೂರನೆಯ ಕೀರ್ತನೆ ನಡೆಯುತ್ತಿತ್ತು. ಕಲ್ಯಾಣಿ ರಾಗ ಎಂದು ನನ್ನ ಪಕ್ಕದಲ್ಲಿದ್ದವರು ಹೇಳುತ್ತಿದ್ದರು. ಕೋಣೆಯಲ್ಲಿ ವಾಲ್ಯೂಮ್ ಹೆಚ್ಚಾಗಿದೆಯೇನೋ, ವಿಚಾರಿಸೋಣ ಎಂದು ಹೆಡ್‌ಫೋನ್ ಕಿವಿಗಿಟ್ಟೆ. ಕೀ ಮುಟ್ಟುವ ಮೊದಲೇ ಅದರಲ್ಲಿ ಹಾಡು ಕೇಳಿಸಿತು.

ವೇದಿಕೆಯ ಹಾಡೇ ಎಲ್ಲೋ ಸೋರಿ ಬರುತ್ತಿದೆ ಎಂದುಕೊಂಡೆ. ಆಗ ಸರಿಯಾಗಿ ನಳಿನಿ ನಿಲ್ಲಿಸಿ ವಯಲಿನ್‌ನವರಿಗೆ ಬಿಟ್ಟಳು. ನನ್ನ ಕಿವಿಯಲ್ಲಿ ಹಾಡು ನಿಲ್ಲಲಿಲ್ಲ. ಹೆಣ್ಣುದನಿ, ತಗ್ಗಿಸಿದ ದನಿ, ಅದೇ ಸಾಲನ್ನು ಇನ್ನೊಂದು ಸಲ ಬಗೆಬಗೆಯಾಗಿ ತಿರುಗಿಸುತ್ತಿತ್ತು. ಹಿಂದೆ ಕೂಸಿನ ಸಣ್ಣ ಕುಯ್‌ಗುಟ್ಟುವಿಕೆ. ಮಂಚದ ಚೌಕಟ್ಟಿನ ಮೇಲೆ ಕೈ ತಾಳ ಬಡಿಯುವ ಸದ್ದು. ನಾನು ಕೀ ನೋಡಿದೆ. ಅದು ಕೆಳಗಿತ್ತು.

ಶ್ರುತಿಯ ಮಾತು ಹೇಳಲು ಓಡಿದಾಗ ಕೆಳಗೆ ಬಿಟ್ಟವನು ಮತ್ತೆ ಮೇಲಕ್ಕೆ ತಳ್ಳಿರಲೇ ಇಲ್ಲ. ವರ್ಣ, ಎರಡು ಕೀರ್ತನೆ, ನಲವತ್ತು ನಿಮಿಷ, ಬಾಣಂತಿಯ ಕೋಣೆಗೆ ಒಂದು ಸ್ವರವೂ ಹೋಗಿರಲಿಲ್ಲ. ಅಕ್ಕ ಕೇಳುತ್ತಿದ್ದಾಳೆಂದು ತಂತಿ ಮುಟ್ಟಿ ಕಣ್ಣಿಗೊತ್ತಿಕೊಂಡ ಹುಡುಗಿ ಗೋಡೆಗೆ ಹಾಡುತ್ತಿದ್ದಳು.

ಒಳಗಿದ್ದವಳು ಏನು ಮಾಡುತ್ತಿದ್ದಳು ಎಂಬುದೂ ಅರ್ಥವಾಯಿತು. ಹಾಡುಗಳ ಪಟ್ಟಿ ಅವಳದ್ದೇ, ಕಲಿಸಿದವಳೂ ಅವಳೇ. ಗೋಡೆಯ ಮೂಲಕ ಬರುವ ಮೃದಂಗದ ಪೆಟ್ಟು ಹಿಡಿದು, ತಂಗಿ ಈಗ ಎಲ್ಲಿದ್ದಾಳೆಂದು ಎಣಿಸಿಕೊಂಡು ಅವಳೂ ಹಾಡುತ್ತಿದ್ದಳು. ವಯಲಿನ್ ಮುಗಿದು ನಳಿನಿ ಮುಂದಿನ ಸಾಲು ಎತ್ತಿಕೊಂಡಳು. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಕಿವಿಯಲ್ಲಿ ಸರೋಜಳೂ ಅದೇ ಸಾಲು ಎತ್ತಿಕೊಂಡಳು. ಒಂದು ಕೂದಲೆಳೆಯಷ್ಟು ಹಿಂದೆ. ಸದ್ದು ಸೆಕೆಂಡಿಗೆ ಸುಮಾರು ಸಾವಿರದ ನೂರು ಅಡಿ ಓಡುತ್ತದೆ. ಇನ್ನೂರ ನಲವತ್ತು ಅಡಿ ದಾಟಲು ಸೆಕೆಂಡಿನ ಐದನೇ ಒಂದು ಪಾಲು ಬೇಕು. ಅವಳು ಹಿಂದೆ ಬಿದ್ದಿದ್ದು ಅಷ್ಟೇ, ಅದಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ.

ಇಲ್ಲಿಯವರೆಗೆ ನಡೆದದ್ದು ಆಯಾಸದ ತಪ್ಪು. ಒಂಬತ್ತು ದಿನ ನಿದ್ದೆಗೆಟ್ಟವನು ಕೀ ಮರೆತ, ಆಯಿತು. ಮುಂದಿನದಕ್ಕೆ ಆ ನೆಪ ಇಲ್ಲ. ಬೆರಳು ಕೀ ಮೇಲಿತ್ತು. ಮೇಲಕ್ಕೆ ತಳ್ಳಿದರೆ ಅವಳಿಗೆ ತಂಗಿಯ ಹಾಡು ಕೇಳುತ್ತದೆ, ಅವಳ ಹಾಡು ನನಗೆ ನಿಂತುಹೋಗುತ್ತದೆ. ನಾನು ತಳ್ಳಲಿಲ್ಲ. ಒಂದು ಕಿವಿಯಲ್ಲಿ ತಂಗಿ, ಒಂದು ಕಿವಿಯಲ್ಲಿ ಅಕ್ಕ, ನಾನ್ನೂರು ಜನರ ನಡುವೆ ಎರಡೂ ಕೇಳುತ್ತಿದ್ದವನು ನಾನೊಬ್ಬನೇ. ಸಂಗೀತದ ಗಂಧ ಗಾಳಿ ಇಲ್ಲದವನು ನಾನು. ವಿದ್ವಾಂಸರು ಹಾಡುವಾಗ ಮೀಟರ್ ಮುಳ್ಳು ನೋಡಿಕೊಂಡು ಕೂರುವವನು. ಆ ಕೀರ್ತನೆ ಮುಗಿಯುವವರೆಗೆ ಕಳ್ಳನ ಹಾಗೆ ಕೂತು ಕೇಳಿದೆ. ನನ್ನ ಕಣ್ಣಲ್ಲಿ ನೀರು ಬಂದಿದ್ದನ್ನು ಪಕ್ಕದವರು ನೋಡಿ, ಹುಡುಗಿ ಚೆನ್ನಾಗಿ ಹಾಡ್ತಾಳೆ ಅಲ್ವೇ ಎಂದರು.

ಚಪ್ಪಾಳೆ ಬಿದ್ದಾಗ ಕೀ ಮೇಲಕ್ಕೆ ತಳ್ಳಿದೆ. ಅಲ್ಲಿಂದ ಮುಂದೆ, ಕಛೇರಿಯ ದೊಡ್ಡ ಕೃತಿ, ಆಮೇಲಿನ ದೇವರನಾಮಗಳು, ಮಂಗಳ, ಎಲ್ಲವೂ ಕೋಣೆಗೆ ಹೋಯಿತು. ಕೀ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಮನೆ ಸುಟ್ಟ ಮೇಲೆ ಬಾವಿ ತೋಡಿದ ಹಾಗೆ.

ಎಂಟೂವರೆಗೆ ಮಂಗಳಾರತಿ ಆಯಿತು. ಹೂವಿನ ಹಾರ ಕತ್ತಲ್ಲೇ ಇಟ್ಟುಕೊಂಡು ನಳಿನಿ ಮೊದಲು ಬಂದಿದ್ದು ನನ್ನ ಮೇಜಿಗೆ.

"ಅಣ್ಣ, ಅಕ್ಕ ಎಲ್ಲಾ ಕೇಳಿಸ್ಕೊಂಡ್ಳಲ್ವಾ? ಮೊದಲಿಂದಾನೂ?"

ಆ ಮುಖ ನೋಡಿ ನಿಜ ಹೇಳುವ ಶಕ್ತಿ ನನಗಿರಲಿಲ್ಲ. "ಹೂಂನಮ್ಮ," ಎಂದೆ. ಅವಳು ರಸ್ತೆಯ ಕಡೆ ಓಡಿದಳು. ಪೆಟ್ಟಿಗೆ ವಾಪಸ್ ತರಬೇಕಾಗಿತ್ತು. ನಾನೂ ಹಿಂದೆಯೇ ಹೋದೆ, ಗಲ್ಲಿಗೆ ಹೋಗುವವನ ಹಾಗೆ.

ಹಾಲ್‌ನಲ್ಲಿ ನಿಂತಿದ್ದೆ. ಪರದೆಯ ಒಳಗೆ ನಳಿನಿ ಉಸಿರು ಬಿಡದೆ ಮಾತಾಡುತ್ತಿದ್ದಳು. "ವರ್ಣ ಹೇಗಿತ್ತು ಹೇಳೇ? ಅದೊಂದು ಹೇಳು, ಆಮೇಲೆ ಬೇರೆದು."

ನಾನು ನೆಲ ನೋಡಿಕೊಂಡು ನಿಂತೆ. ಈಗ ಹೇಳುತ್ತಾಳೆ, ಪೆಟ್ಟಿಗೆ ಸತ್ತುಹೋಗಿತ್ತು ಎಂದು. ಈ ಹುಡುಗಿ ಹೊರಬಂದು ನನ್ನ ಮುಖ ನೋಡುತ್ತಾಳೆ.

"ಎರಡನೇ ಕಾಲಕ್ಕೆ ವೇಗ ಏರಿಸುವಾಗ ಅವಸರ ಮಾಡ್ದೆ," ಎಂದಳು ಸರೋಜ. "ಯಾವಾಗ್ಲೂ ಮಾಡೋದೇ. ಎಷ್ಟು ಸಲ ಹೇಳಿದೀನಿ ನಿಂಗೆ."

"ಹೌದು ಕಣೇ ಅಕ್ಕಾ! ಗೊತ್ತಾಯ್ತು ನಂಗೆ, ಮಾಡಿದ ತಕ್ಷಣ ಗೊತ್ತಾಯ್ತು!" ನಳಿನಿ ನಕ್ಕಳು. ನಕ್ಕು ನಕ್ಕು ಅತ್ತಳು. ಅಕ್ಕ ಏನೇನೋ ಹೇಳಿ ಸಮಾಧಾನ ಮಾಡಿದಳು. ಅಷ್ಟರಲ್ಲಿ ಕಮಲಮ್ಮ, "ಊರೆಲ್ಲ ಕಣ್ಣು ಬಿದ್ದಿರುತ್ತೆ, ಬಾರೇ ಇಲ್ಲಿ," ಎಂದು ಕಿರಿಯವಳನ್ನು ಹೊಸ್ತಿಲಿಗೆ ಎಳೆದೊಯ್ದು, ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ನಿಂತರು.

ಪರದೆಯ ಅಡಿಯಿಂದ ಪೆಟ್ಟಿಗೆ ನೆಲದ ಮೇಲೆ ಸರಿದುಬಂತು. ಅದನ್ನು ತಳ್ಳಿದ ಕೈ ಕಂಡಿತು, ಮೊಣಕೈವರೆಗೆ ಅರಿಸಿನ.

"ಅಣ್ಣಾ, ನಿಮ್ಮ ಪೆಟ್ಟಿಗೆ ಮೊದಲು ಸುಮಾರು ಹೊತ್ತು ಸುಮ್ನೆ ಇತ್ತು. ನಳಿನಿಗೆ ಗೊತ್ತಾಗೋದು ಬೇಡ."

"ತಪ್ಪು ನನ್ನದಮ್ಮ," ಎಂದೆ. "ಪೆಟ್ಟಿಗೆ ಕೆಟ್ಟಿರಲಿಲ್ಲ. ಕೀ ತಳ್ಳೋದು ಮರೆತೆ. ಯಾರನ್ನಾದ್ರೂ ಕಳಿಸಬಾರದಿತ್ತೇ? ಓಡಿ ಬಂದು ಹೇಳಿದ್ರೆ..."

"ಅಮ್ಮ ಹೊರಟಿದ್ರು. ನಾನೇ ಬೇಡ ಅಂದೆ. ಅಮ್ಮ ಪೆಂಡಾಲಿಗೆ ಓಡಿ ಬಂದಿದ್ದು ಕಂಡಿದ್ರೆ ಅವಳು ಅಲ್ಲೇ ನಿಲ್ಲಿಸಿಬಿಡ್ತಿದ್ಲು. ಪರವಾಗಿಲ್ಲ ಬಿಡಿ, ಅಮ್ಮ ದೇವರ ಮನೇಲಿ ಜಪಕ್ಕೆ ಕೂತ್ರು, ನಾನು ಕಿವಿ ಹತ್ತಿ ತೆಗೆದು ಮೃದಂಗ ಕೇಳಿಸ್ಕೊಂಡೆ. ಅದೂ ಅಮ್ಮನಿಗೆ ಹೇಳ್ಬೇಡಿ."

ಅಲ್ಲಿಗೇ ಪೆಟ್ಟಿಗೆ ಎತ್ತಿಕೊಂಡು ಬಂದುಬಿಡಬಹುದಾಗಿತ್ತು. ಆದರೆ ಒಂದು ಸುಳ್ಳಿನ ಭಾರವೇ ಸಾಕಾಗಿತ್ತು, ಇನ್ನೊಂದನ್ನು ಹೊರಲು ಬೆನ್ನಿನಲ್ಲಿ ಜೀವ ಇರಲಿಲ್ಲ. "ಇನ್ನೊಂದು ವಿಷಯ ಅಮ್ಮಾ. ಕೀ ಆ ಕಡೆ ಇದ್ದಾಗ ಕೋಣೆ ಸದ್ದು ನನಗೆ ಬರುತ್ತೆ. ನೀವು ಹಾಡಿದ್ದು ನನಗೆ ಕೇಳಿಸ್ತು. ಗೊತ್ತಾದ ಮೇಲೂ ಕೀ ತಳ್ಳಲಿಲ್ಲ. ಆ ಹಾಡು ಮುಗಿಯೋವರೆಗೂ ಕೇಳಿದೆ."

ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಬಾಣಂತಿಯ ಕೋಣೆಗೆ ಕಿವಿಯಿಟ್ಟವನನ್ನು ಯಾರು ತಾನೇ ಸುಮ್ಮನೆ ಬಿಡುತ್ತಾರೆ. ಆದರೆ ಆ ಸಂಜೆ ಕೇಳಿದ ಎಲ್ಲ ದನಿಗಿಂತ ಸಣ್ಣ ದನಿಯಲ್ಲಿ ಅವಳು ಕೇಳಿದಳು:

"ಹೇಗಿತ್ತು?"

ಆರು ವರ್ಷ ಕಾದವಳು. ಅವಳ ಕಛೇರಿಗೆ ಬಂದಿದ್ದ ಶ್ರೋತೃ ನಾನೊಬ್ಬ. ನನ್ನ ಬಾಯಿಗೆ ಏನು ಬಂತು ಗೊತ್ತೇ? "ಲೈನಲ್ಲಿ ಸ್ವಲ್ಪ ಹಮ್ ಇತ್ತಮ್ಮ," ಎಂದೆ. ತಂತಿಯಲ್ಲಿ ಗುಂಯ್ ಎಂಬ ಕರೆಂಟಿನ ಸದ್ದು ಇತ್ತು ಎಂದು! ಒಂಬತ್ತು ವರ್ಷ ಯಾರೇ ಹೇಗಿತ್ತು ಎಂದು ಕೇಳಿದರೂ ನಾನು ಕೊಡುತ್ತಿದ್ದ ಉತ್ತರ ಅದೇ ಜಾತಿಯದ್ದು. ಬೇರೆ ಉತ್ತರ ನನಗೆ ಗೊತ್ತೇ ಇರಲಿಲ್ಲ.

ಅವಳು ನಕ್ಕಳು. ಬೇಸರದ ನಗೆಯಲ್ಲ, ನಿಜವಾಗಿ ನಕ್ಕಳು. ಕೂಸು ಎದ್ದು ಅತ್ತಿತು. ಹೊಸ್ತಿಲಲ್ಲಿ ಕೆಲಸ ಮುಗಿಸಿ ಕಮಲಮ್ಮ ಒಳಗೆ ಬಂದರು. ನಾನು ಪೆಟ್ಟಿಗೆ ಎತ್ತಿಕೊಂಡು ಹೊರಟೆ.

ಮಾರನೇ ದಿನ ಅಂಗಡಿಯಲ್ಲಿ ಮೊದಲು ಮಾಡಿದ ಕೆಲಸ, ಆ ಸಾದಾ ಸ್ವಿಚ್ ಕಿತ್ತು ಹಳೇ ಸ್ಪ್ರಿಂಗ್ ಕೀ ಹಾಕಿದ್ದು. ಪೀರ್ ಸಾಬ್ ಹುಷಾರಾಗಿ ಬಂದ ಮೇಲೆ ಅದನ್ನು ನೋಡಿದ. ಏನಾಯಿತು ಎಂದು ಕೇಳಲಿಲ್ಲ, ಅದು ಅವನ ದೊಡ್ಡತನ. ಅಂದಿನಿಂದ ಅಂಗಡಿ ಮುಚ್ಚುವ ದಿನದವರೆಗೂ ಒಂದು ಅಭ್ಯಾಸ ಇಟ್ಟುಕೊಂಡೆ. ಎಷ್ಟೇ ದಣಿದಿರಲಿ, ಕಾರ್ಯಕ್ರಮ ಶುರುವಾದ ಮೇಲೆ ಎದ್ದು, ಕೊನೆಯ ಸ್ಪೀಕರ್‌ವರೆಗೆ ನಡೆದುಹೋಗಿ, ಅದರ ಮುಂದೆ ನಿಂತು ಕೇಳುತ್ತಿದ್ದೆ. ನಮ್ಮ ಮೇಜಿನ ಮೀಟರ್ ಹೇಳುವುದು ನಾವು ಎಷ್ಟು ಕಳಿಸಿದೆವು ಎಂದು ಮಾತ್ರ. ಎಷ್ಟು ತಲುಪಿತು ಎಂಬುದು ಆ ತುದಿಗೆ ಹೋದವನಿಗೇ ಗೊತ್ತು. ಈ ವೃತ್ತಿ ನನಗೆ ಕಲಿಸಿದ ಪಾಠ ಇದು. ಮಂಡಿ ಹೋಗಿರುವುದೂ ಹಾಗೆ ನಡೆದೇ.

ನಳಿನಿ ಮುಂದೆ ಹೆಸರು ಮಾಡಿದಳು. ಅವಳ ಎಷ್ಟೋ ಕಛೇರಿಗಳಿಗೆ ನಾನೇ ಮೈಕ್ ಹಾಕಿದೆ. ಮೂರು ವರ್ಷದ ಮೇಲೆ ಒಮ್ಮೆ, ಅಕ್ಕ ಹಾಡ್ತಾರೇನಮ್ಮ ಎಂದು ಕೇಳಿದೆ. "ಎಲ್ಲಿ ಅಣ್ಣ, ಎರಡನೇದೂ ಆಯ್ತು. ಮಕ್ಕಳಿಗೆ ಲಾಲಿ ಹಾಡ್ತಾಳೆ ಅಷ್ಟೆ," ಎಂದಳು. ಅವಳ ಕೈಯಲ್ಲಿ ಒಂದು ಮಾತು ಹೇಳಿಕಳಿಸಬೇಕೆಂದು ಬಾಯಿವರೆಗೂ ಬಂತು. ಹೇಳಿದರೆ ಆ ನಲವತ್ತು ನಿಮಿಷದ ಗುಟ್ಟು ಬಯಲಾಗುತ್ತದೆ. ನುಂಗಿಕೊಂಡೆ. ಆಮೇಲೂ ಪ್ರತಿ ಸಲ ನುಂಗಿಕೊಂಡೆ.

ಈಗ ನನಗೆ ಎಂಬತ್ತು ಹತ್ತಿರ. ನಳಿನಿಗೂ ಮೊಮ್ಮಕ್ಕಳಾಗಿದ್ದಾರೆ. ಇದನ್ನು ಓದಿದರೆ ಕೋಪ ಮಾಡಿಕೊಳ್ಳುವ ವಯಸ್ಸು ಅವಳದ್ದಲ್ಲ, ಮಾಡಿಕೊಂಡರೂ ನನ್ನ ಕಿವಿಗೆ ಈಗ ಅಷ್ಟಾಗಿ ಕೇಳುವುದಿಲ್ಲ. ಅಕ್ಕನಿಗೆ ಓದಿ ಹೇಳಲಿ. ಸರೋಜಮ್ಮ, ನೀವು ಕೇಳಿದ್ದಕ್ಕೆ ಅವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ತುಂಬಾ ಚೆನ್ನಾಗಿತ್ತಮ್ಮ.